ಆ ಒಂದು ಇಂಗಾಲವನ್ನು ನೋಡಿ: ಆಲ್ಡಿಹೈಡ್, ಕೀಟೋನ್, ಕಾರ್ಬಾಕ್ಸಿಲಿಕ್ ಆಮ್ಲಗಳ ಕ್ರಿಯೆಗಳು

(ಪದವಿಪೂರ್ವ ಕಾಲೇಜುಗಳ ರಸಾಯನಶಾಸ್ತ್ರ ಉಪನ್ಯಾಸಕರು, ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರೋಸೆನ್‌ಮುಂಡ್, ಸ್ಟೀಫನ್, ಎಟಾರ್ಡ್, ಕ್ಲೆಮೆನ್ಸನ್, ವುಲ್ಫ್–ಕಿಷ್ನರ್, ಕ್ಯಾನಿಜಾರೋ, ಹೆಲ್–ವೋಲ್ಹಾರ್ಡ್–ಝೆಲಿನ್‌ಸ್ಕಿ. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಈ ಕ್ರಿಯೆಗಳ ಹೆಸರುಗಳು ನಿದ್ದೆಯಲ್ಲೂ ನೆನಪಿರುತ್ತವೆ. ಯಾವ ಕಾರಕ, ಯಾವ ಉತ್ಪನ್ನ ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ತಿಂಗಳೊಳಗೆ ಅಷ್ಟೂ ಮರೆತುಹೋಗುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಾವಯವ ರಸಾಯನಶಾಸ್ತ್ರದಲ್ಲಿ ಇಷ್ಟು ತರ್ಕಬದ್ಧವಾಗಿ ಬಿಚ್ಚಿಕೊಳ್ಳುವ ಅಧ್ಯಾಯ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದೇ ಒಂದು ಇಂಗಾಲದ ಪರಮಾಣುವನ್ನು ನೋಡುತ್ತಾ ಕುಳಿತರೆ ಬಹುಪಾಲು ಕ್ರಿಯೆಗಳನ್ನು ನಾವೇ ಊಹಿಸಬಹುದು. ಈ ಒಂದು ಗಂಟೆಯಲ್ಲಿ ಅದನ್ನು ಮಾಡಿ ನೋಡೋಣ.

ಆ ಇಂಗಾಲ ಎಲ್ಲಿದೆ? ಆಮ್ಲಜನಕದೊಂದಿಗೆ ದ್ವಿಬಂಧ ಮಾಡಿಕೊಂಡು ಕುಳಿತಿದೆ. ಈ ಜೋಡಿಗೆ ಕಾರ್ಬೊನಿಲ್ ಗುಂಪು ಎಂದು ಹೆಸರು. ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುವ ಶಕ್ತಿಯನ್ನು ಪಾಲಿಂಗ್ ಅಳತೆಯಲ್ಲಿ ಹೇಳುವುದಾದರೆ ಆಮ್ಲಜನಕಕ್ಕೆ 3.5, ಇಂಗಾಲಕ್ಕೆ 2.5. ಹೀಗಾಗಿ ಬಂಧದ ಎಲೆಕ್ಟ್ರಾನುಗಳು ಆಮ್ಲಜನಕದ ಕಡೆಗೆ ವಾಲಿರುತ್ತವೆ. ಇಂಗಾಲದ ಮೇಲೆ ಸ್ವಲ್ಪ ಧನ ಆವೇಶ ಉಳಿಯುತ್ತದೆ. ಆ ಇಂಗಾಲದ ಮೂರು ಬಂಧಗಳೂ ಒಂದೇ ಸಮತಲದಲ್ಲಿ, ಸುಮಾರು 120 ಡಿಗ್ರಿ ಅಂತರದಲ್ಲಿ ಇರುವುದರಿಂದ ಅದರ ಮೇಲ್ಭಾಗವೂ ಕೆಳಭಾಗವೂ ತೆರೆದೇ ಇರುತ್ತವೆ. ಎಲೆಕ್ಟ್ರಾನ್ ಜೋಡಿಯನ್ನು ಹೊತ್ತು ಬರುವ ಯಾವುದೇ ಕಣಕ್ಕೆ, ಅಂದರೆ ನ್ಯೂಕ್ಲಿಯೋಫೈಲ್‌ಗೆ, ಇದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ. ಅದು ನೆಟ್ಟಗೆ ಮೇಲಿನಿಂದ ಇಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. 1970ರ ದಶಕದಲ್ಲಿ ಜ್ಯೂರಿಕ್‌ನ ಬರ್ಗಿ ಮತ್ತು ಡ್ಯುನಿಟ್ಜ್ ಹಲವು ಸ್ಫಟಿಕಗಳ ರಚನೆಯನ್ನು ಹೋಲಿಸಿ, ಆಮ್ಲಜನಕದಿಂದ ಸುಮಾರು 107 ಡಿಗ್ರಿ ಕೋನದಲ್ಲಿ, ಸ್ವಲ್ಪ ಹಿಂದಿನಿಂದ ಅದು ಬರುತ್ತದೆ ಎಂದು ತೋರಿಸಿದರು.

ಇಂಗಾಲದ ಉಳಿದ ಎರಡು ಕೈಗಳಲ್ಲಿ ಏನಿದೆ ಎಂಬುದೇ ಮುಂದಿನ ಪ್ರಶ್ನೆ. ಒಂದರಲ್ಲಾದರೂ ಜಲಜನಕವಿದ್ದರೆ ಆಲ್ಡಿಹೈಡ್, ಎರಡರಲ್ಲೂ ಇಂಗಾಲದ ಗುಂಪುಗಳಿದ್ದರೆ ಕೀಟೋನ್. ಈ ಚಿಕ್ಕ ವ್ಯತ್ಯಾಸದ ಪರಿಣಾಮ ಎಷ್ಟು ದೊಡ್ಡದು ಎಂಬುದನ್ನು ಬರೀ ನೀರು ಸೇರಿಸಿಯೇ ಅಳೆಯಬಹುದು. ಫಾರ್ಮಾಲ್ಡಿಹೈಡನ್ನು ನೀರಿಗೆ ಬಿಟ್ಟರೆ ಶೇಕಡ 99ಕ್ಕೂ ಹೆಚ್ಚು ಅಣುಗಳು ನೀರನ್ನು ಕೂಡಿಸಿಕೊಂಡು ಬೇರೆಯೇ ರೂಪ ತಾಳುತ್ತವೆ. ಅಸಿಟಾಲ್ಡಿಹೈಡಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು. ಅಸಿಟೋನಿನಲ್ಲಿ ಸಾವಿರಕ್ಕೆ ಒಂದೆರಡು ಮಾತ್ರ. ಮೀಥೈಲ್ ಗುಂಪುಗಳು ಇಂಗಾಲದ ಸುತ್ತ ಜಾಗ ಕಟ್ಟಿಕೊಳ್ಳುತ್ತವೆ, ಜೊತೆಗೆ ಒಂದಿಷ್ಟು ಎಲೆಕ್ಟ್ರಾನುಗಳನ್ನು ಅದರತ್ತ ತಳ್ಳಿ ಧನ ಆವೇಶವನ್ನು ತಗ್ಗಿಸುತ್ತವೆ. ‘ಕೀಟೋನಿಗಿಂತ ಆಲ್ಡಿಹೈಡ್ ಚುರುಕು’ ಎಂದು ನಾವು ಬರೆಸುವ ಒಂದು ಸಾಲಿನ ಹಿಂದೆ ಇರುವುದು ಇಷ್ಟೇ.

ಗ್ರಿಗ್ನಾರ್ಡ್ ಕಾರಕ, ಹೈಡ್ರೋಜನ್ ಸಯನೈಡ್, ಸೋಡಿಯಂ ಬೈಸಲ್ಫೈಟ್, ಸೋಡಿಯಂ ಬೋರೋಹೈಡ್ರೈಡ್ ಎಲ್ಲವೂ ಮಾಡುವ ಕೆಲಸ ಒಂದೇ: ಆ ಇಂಗಾಲದ ಮೇಲೆ ಬಂದು ಕೂರುವುದು. ಬಂದು ಕೂರುವವರು ಬದಲಾಗುತ್ತಾರೆ, ಜಾಗ ಬದಲಾಗುವುದಿಲ್ಲ. ಇವುಗಳನ್ನು ಇಲ್ಲಿಗೇ ಬಿಟ್ಟು, ನನಗೆ ಹೆಚ್ಚು ಪ್ರಿಯವಾದ ಇನ್ನೊಬ್ಬ ಅತಿಥಿಯ ಬಳಿಗೆ ಹೋಗುತ್ತೇನೆ. ಅದು ಅಮೀನ್, ಸಾರಜನಕದ ಸಂಯುಕ್ತ.

ಅಮೀನ್ ಬಂದು ಕಾರ್ಬೊನಿಲ್ ಇಂಗಾಲಕ್ಕೆ ಅಂಟಿಕೊಂಡ ಮೇಲೆ ಒಂದು ನೀರಿನ ಅಣು ಹೊರಹೋಗುತ್ತದೆ. ಇಂಗಾಲಕ್ಕೂ ಸಾರಜನಕಕ್ಕೂ ನಡುವೆ ದ್ವಿಬಂಧ ಏರ್ಪಡುತ್ತದೆ. 1864ರಲ್ಲಿ ಹ್ಯೂಗೊ ಷಿಫ್ ವರದಿ ಮಾಡಿದ ಕ್ರಿಯೆ ಇದು. ಆದ್ದರಿಂದ ಉತ್ಪನ್ನವನ್ನು ಇಂದಿಗೂ ಷಿಫ್ ಪ್ರತ್ಯಾಮ್ಲ ಎನ್ನುತ್ತೇವೆ. ಪಾಠದ ಪುಸ್ತಕದಲ್ಲಿ ‘ಸ್ವಲ್ಪ ಆಮ್ಲೀಯ ಮಾಧ್ಯಮದಲ್ಲಿ’ ಎಂಬ ಮಾತಿರುತ್ತದೆ, ವಿದ್ಯಾರ್ಥಿಗಳು ಅದನ್ನು ಹಾಗೆಯೇ ಉರು ಹೊಡೆಯುತ್ತಾರೆ. ಅದು ಏಕೆ ‘ಸ್ವಲ್ಪ’? ಆಮ್ಲ ತೀರಾ ಕಡಿಮೆಯಾದರೆ ನೀರಾಗಿ ಹೊರಡಬೇಕಾದ ಹೈಡ್ರಾಕ್ಸಿಲ್ ಗುಂಪಿಗೆ ಪ್ರೋಟಾನ್ ಸಿಗದೆ ಅದು ಅಲ್ಲೇ ಉಳಿದುಬಿಡುತ್ತದೆ. ಆಮ್ಲ ಹೆಚ್ಚಾದರೆ ಅಮೀನೇ ಪ್ರೋಟಾನನ್ನು ಹಿಡಿದುಕೊಂಡು ತನ್ನ ಎಲೆಕ್ಟ್ರಾನ್ ಜೋಡಿಯನ್ನು ಕಳೆದುಕೊಳ್ಳುತ್ತದೆ, ಆಗ ದಾಳಿ ಮಾಡುವವರೇ ಇರುವುದಿಲ್ಲ. ಪಿಎಚ್ 4ರಿಂದ 5ರ ನಡುವೆ ಎರಡೂ ಕೆಲಸ ನಡೆಯುತ್ತದೆ. ಈ ಎರಡು ವಾಕ್ಯಗಳನ್ನು ತರಗತಿಯಲ್ಲಿ ಹೇಳಲು ಎರಡು ನಿಮಿಷ ಸಾಕು. ದಯವಿಟ್ಟು ಹೇಳಿ.

ಪ್ರಯೋಗಾಲಯದಲ್ಲಿ 2,4-ಡೈನೈಟ್ರೋಫಿನೈಲ್ ಹೈಡ್ರಜೀನ್ ಸೇರಿಸಿದಾಗ ಬೀಳುವ ಹಳದಿ, ಕಿತ್ತಳೆ ಬಣ್ಣದ ಒತ್ತರವೂ (ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿಯುವ ಘನ) ಇದೇ ಕುಟುಂಬದ್ದು. ಆದರೆ ಈ ಕ್ರಿಯೆಯನ್ನು ನೋಡಲು ಪ್ರನಾಳ ಬೇಕಿಲ್ಲ. ಈಗ ನೀವು ನನ್ನನ್ನು ನೋಡುತ್ತಿರುವುದೇ ಈ ಕ್ರಿಯೆಯ ಬಲದಿಂದ. ಕಣ್ಣಿನ ಅಕ್ಷಿಪಟಲದಲ್ಲಿ ರೆಟಿನಾಲ್ (retinal) ಎಂಬ ಆಲ್ಡಿಹೈಡ್ ಇದೆ. ವಿಟಮಿನ್ ಎ ಎಂಬ ಆಲ್ಕೋಹಾಲ್ ಉತ್ಕರ್ಷಣಗೊಂಡರೆ ಸಿಗುವುದೇ ಅದು. ಆಪ್ಸಿನ್ ಎಂಬ ಪ್ರೋಟೀನಿನ ಒಂದು ಲೈಸೀನ್ ಘಟಕದಲ್ಲಿರುವ ಅಮೀನು ಆ ಆಲ್ಡಿಹೈಡಿನ ಇಂಗಾಲವನ್ನು ಹಿಡಿದು ಷಿಫ್ ಪ್ರತ್ಯಾಮ್ಲ ಮಾಡಿಕೊಂಡಿರುತ್ತದೆ. ಬೆಳಕು ಬಿದ್ದ ಕ್ಷಣ ರೆಟಿನಾಲಿನ ಬಾಗಿದ ಸರಪಳಿ ನೆಟ್ಟಗಾಗುತ್ತದೆ, ಪ್ರೋಟೀನಿನ ಆಕಾರ ಬದಲಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಆಮೇಲೆ ನೀರು ಸೇರಿ ಬಂಧ ಕಡಿದು ರೆಟಿನಾಲ್ ಬಿಡುಗಡೆಯಾಗುತ್ತದೆ. ಈ ಚಕ್ರವನ್ನು ಬಿಡಿಸಿದವರಲ್ಲಿ ಪ್ರಮುಖರಾದ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಅಮೀನಿನ ಸೇರ್ಪಡೆ, ನೀರಿನ ನಿರ್ಗಮನ, ಮತ್ತೆ ಜಲವಿಭಜನೆ: ಎರಡು ಅಂಕದ ಪ್ರಶ್ನೆಗೆ ಬರೆಸುವ ಸಮೀಕರಣವೇ ನಮ್ಮ ದೃಷ್ಟಿ.

ಇನ್ನೊಂದು ಉದಾಹರಣೆ ಇಲ್ಲಿರುವ ಹಿರಿಯರಿಗೆ ಚೆನ್ನಾಗಿ ಗೊತ್ತು. ಮಧುಮೇಹ ಇರುವವರಿಗೆ ವೈದ್ಯರು ‘ಮೂರು ತಿಂಗಳ ಸಕ್ಕರೆ’ ಪರೀಕ್ಷೆ ಮಾಡಿಸಿ ಎನ್ನುತ್ತಾರೆ, ವರದಿಯಲ್ಲಿ ಎಚ್‌ಬಿಎ1ಸಿ ಎಂದಿರುತ್ತದೆ. ಗ್ಲೂಕೋಸ್ ಹೆಚ್ಚಾಗಿ ಉಂಗುರದ ರೂಪದಲ್ಲಿರುವ ಸಕ್ಕರೆ. ಅದರ ತೀರಾ ಅಲ್ಪ ಅಂಶ ಮಾತ್ರ ಬಿಚ್ಚಿಕೊಂಡು ಆಲ್ಡಿಹೈಡ್ ಆಗಿರುತ್ತದೆ. ಆ ಅಲ್ಪ ಅಂಶವೇ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ತುದಿಯಲ್ಲಿರುವ ವ್ಯಾಲೀನಿನ ಅಮೀನಿನೊಂದಿಗೆ ಷಿಫ್ ಪ್ರತ್ಯಾಮ್ಲವಾಗುತ್ತದೆ, ನಂತರ ಒಳಗೊಳಗೇ ಮರುಹೊಂದಿಕೆಯಾಗಿ ಸುಲಭದಲ್ಲಿ ಬಿಡಿಸಿಕೊಳ್ಳಲಾಗದ ಕೀಟೋನ್ ರೂಪಕ್ಕೆ ಬರುತ್ತದೆ. ಇದಕ್ಕೆ ಕಿಣ್ವದ ನೆರವು ಬೇಕಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು ಹಿಮೋಗ್ಲೋಬಿನ್ ಈ ಗುರುತನ್ನು ಹೊರುತ್ತದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನಗಳಾದ್ದರಿಂದ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಅದರಲ್ಲಿ ಉಳಿದಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟರೆ ಈ ಅಂಕಿ ಇಳಿಯದಿರುವುದು ಅದಕ್ಕೇ.

ಶವವನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಬೆರೆತ ನೀರು, ಕೂಡ ಅದೇ ಕಥೆ. ಪ್ರೋಟೀನುಗಳ ಅಮೀನುಗಳನ್ನು ಅದು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತದೆ. ಮೀನು ತಾಜಾ ಕಾಣಲೆಂದು ಅದನ್ನು ಬಳಸುವುದು ಎಂತಹ ಅಪರಾಧ ಎಂಬುದು ಈ ರಸಾಯನ ತಿಳಿದವರಿಗೆ ಬೇಗ ಅರ್ಥವಾಗುತ್ತದೆ. ಸತ್ತ ಮೀನಿನ ಪ್ರೋಟೀನಿಗೂ ತಿನ್ನುವವರ ಕರುಳಿನ ಪ್ರೋಟೀನಿಗೂ ಆ ಅಣು ಭೇದ ಮಾಡುವುದಿಲ್ಲ.

ಈಗ ಮೇಜಿನ ಮೇಲಿನ ಪ್ರನಾಳವನ್ನು ನೋಡಿ. (ಇಲ್ಲಿ ಆಲ್ಡಿಹೈಡನ್ನು ಬೆಳ್ಳಿಯಿಂದ ಗುರುತಿಸುವ ಟಾಲೆನ್ಸ್ ಪರೀಕ್ಷೆಯನ್ನು ಸಭೆಯ ಎದುರೇ ಮಾಡಿ ತೋರಿಸಲಾಯಿತು.) ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಒಂದೆರಡು ಹನಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಕಂದು ಒತ್ತರ ಬೀಳುತ್ತದೆ. ಅಮೋನಿಯಾವನ್ನು ಹನಿಹನಿಯಾಗಿ ಸೇರಿಸುತ್ತಾ ಹೋದರೆ ಅದು ಕರಗಿ ದ್ರಾವಣ ತಿಳಿಯಾಗುತ್ತದೆ. ಕರಗಿದ ಕೂಡಲೇ ಅಮೋನಿಯಾ ನಿಲ್ಲಿಸಬೇಕು. ಈಗ ಗ್ಲೂಕೋಸ್ ದ್ರಾವಣ ಹಾಕಿ ಬಿಸಿನೀರಿನಲ್ಲಿ ಇಟ್ಟು ಅಲುಗಾಡಿಸದೆ ಬಿಡೋಣ. ಮೊದಲು ದ್ರಾವಣ ಬೂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಗಾಜಿನ ಒಳಮೈಗೆ ಬೆಳ್ಳಿ ಹತ್ತುತ್ತದೆ. ಪ್ರನಾಳ ಎಣ್ಣೆ ಜಿಡ್ಡಿಲ್ಲದೆ ಶುಚಿಯಾಗಿದ್ದರೆ ಕನ್ನಡಿ, ಇಲ್ಲದಿದ್ದರೆ ಕಪ್ಪು ಪುಡಿ. ಆಲ್ಡಿಹೈಡಿನ ಇಂಗಾಲದ ಮೇಲೆ ಒಂದು ಜಲಜನಕ ಇದೆಯಲ್ಲ, ಅದೇ ಇದರ ಗುಟ್ಟು. ಆ ಜಾಗಕ್ಕೆ ಆಮ್ಲಜನಕ ಬಂದು ಆಲ್ಡಿಹೈಡ್ ಆಮ್ಲವಾಗುತ್ತದೆ, ಹೊರಬಿದ್ದ ಎಲೆಕ್ಟ್ರಾನುಗಳನ್ನು ಬೆಳ್ಳಿಯ ಅಯಾನು ಪಡೆದುಕೊಳ್ಳುತ್ತದೆ. ಕೀಟೋನಿನಲ್ಲಿ ಆ ಜಲಜನಕ ಇಲ್ಲ, ಅದನ್ನು ಉತ್ಕರ್ಷಿಸಲು ಇಂಗಾಲ–ಇಂಗಾಲ ಬಂಧವನ್ನೇ ಮುರಿಯಬೇಕು. ಉಪನ್ಯಾಸಕ ಮಿತ್ರರಿಗೆ ಒಂದು ವಿನಂತಿ: ಉಳಿದ ದ್ರಾವಣವನ್ನು ನಾಳೆಗೆಂದು ಎತ್ತಿಡಬೇಡಿ. ನಿಂತ ದ್ರಾವಣದಲ್ಲಿ ಸಿಡಿಯುವ ಬೆಳ್ಳಿಯ ಸಂಯುಕ್ತಗಳು ಉಂಟಾಗುತ್ತವೆ. ಆಮ್ಲ ಸೇರಿಸಿ ಆಗಲೇ ವಿಲೇವಾರಿ ಮಾಡಿ.

ಬೆಳ್ಳಿ ಹೀಗೆ ಗಾಜಿಗೆ ಹತ್ತುವುದನ್ನು ಜರ್ಮನಿಯ ಲೀಬಿಗ್ 1835ರಲ್ಲೇ ಗಮನಿಸಿದ್ದರು. ಮುಂದೆ ಅವರೇ ಅದನ್ನು ಕನ್ನಡಿ ಮಾಡುವ ವಿಧಾನವಾಗಿ ಬೆಳೆಸಿದರು. ಅದುವರೆಗೆ ಕನ್ನಡಿಗೆ ತವರ ಮತ್ತು ಪಾದರಸದ ಲೇಪ ಕೊಡುತ್ತಿದ್ದರು, ಕೆಲಸಗಾರರು ಪಾದರಸದ ಆವಿ ಕುಡಿದು ನರಳುತ್ತಿದ್ದರು. ಆಲ್ಡಿಹೈಡಿನ ಈ ಒಂದು ಗುಣ ಎಷ್ಟೋ ಜೀವಗಳಿಗೆ ನೆಮ್ಮದಿ ತಂದಿತು.

1849ರ ಫೆಲಿಂಗ್ ದ್ರಾವಣದಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರವಿದೆ. ನೀಲಿ ದ್ರಾವಣ ಕೆಂಪು ಒತ್ತರವಾಗುತ್ತದೆ. ಕ್ಷಾರದಲ್ಲಿ ತಾಮ್ರ ಹೈಡ್ರಾಕ್ಸೈಡಾಗಿ ಕೆಳಗೆ ಕೂರದಂತೆ ಹಿಡಿದಿಡುವುದು ಟಾರ್ಟ್ರೇಟ್, ನಮ್ಮ ಹುಣಸೆಹಣ್ಣಿನ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲದ ಲವಣ. ಬೆನೆಡಿಕ್ಟ್ ದ್ರಾವಣದಲ್ಲಿ ಆ ಕೆಲಸವನ್ನು ಸಿಟ್ರೇಟ್ ಮಾಡುತ್ತದೆ. ಅದ್ದಿ ನೋಡುವ ಪರೀಕ್ಷಾ ಪಟ್ಟಿಗಳು ಬರುವ ಮುಂಚೆ ಮೂತ್ರದ ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನೋಡುತ್ತಿದ್ದುದು ಇದರಲ್ಲೇ. ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಎಂದು ಬಣ್ಣ ಏರಿದಂತೆ ಸಕ್ಕರೆ ಹೆಚ್ಚು. ಒಬ್ಬ ಜಾಣ ವಿದ್ಯಾರ್ಥಿ ಇಲ್ಲಿ ಎದ್ದು ನಿಲ್ಲಬೇಕು: ಫ್ರಕ್ಟೋಸ್ ಕೀಟೋನ್ ಅಲ್ಲವೇ, ಅದೂ ಏಕೆ ಕೆಂಪಾಗಿಸುತ್ತದೆ? ಕ್ಷಾರದಲ್ಲಿ ಫ್ರಕ್ಟೋಸ್ ತನ್ನ ಕಾರ್ಬೊನಿಲನ್ನು ಪಕ್ಕದ ಇಂಗಾಲಕ್ಕೆ ಸರಿಸಿಕೊಂಡು ಆಲ್ಡಿಹೈಡ್ ಸಕ್ಕರೆಯಾಗಬಲ್ಲದು. ಪರೀಕ್ಷೆಯ ಮಾಧ್ಯಮವೇ ಅದನ್ನು ಬದಲಿಸುತ್ತದೆ.

ಬೆನ್ಜಾಲ್ಡಿಹೈಡಿನ ಸೀಸೆ ನಿಮ್ಮ ಪ್ರಯೋಗಾಲಯದಲ್ಲಿ ಇದ್ದರೆ ಅದರ ಮುಚ್ಚಳದ ಸುತ್ತ ನೋಡಿ. ಹಳೆಯ ಸೀಸೆಯಾದರೆ ಬಿಳಿಯ ಹರಳುಗಳು ಕಟ್ಟಿರುತ್ತವೆ. ಅದು ಬೆನ್ಜೋಯಿಕ್ ಆಮ್ಲ. ಕಾರಕವೇನೂ ಬೇಡ, ಗಾಳಿಯ ಆಮ್ಲಜನಕವೇ ಸಾಕು. ಇದನ್ನು 1832ರಲ್ಲಿ ವೋಲರ್ ಮತ್ತು ಲೀಬಿಗ್ ಗೀಸೆನ್ ಊರಿನಲ್ಲಿ ಕೂಡಿ ಅಭ್ಯಾಸ ಮಾಡಿದರು. ವೋಲರ್ ಪತ್ನಿ ಆ ವರ್ಷ ತೀರಿಕೊಂಡಿದ್ದರು. ದುಃಖದಲ್ಲಿದ್ದ ಗೆಳೆಯನನ್ನು ಲೀಬಿಗ್ ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಬೆನ್ಜಾಲ್ಡಿಹೈಡ್ ಇರುವ ಕಹಿ ಬಾದಾಮಿಯ ಎಣ್ಣೆಯಿಂದ ಒಂದರ ಹಿಂದೊಂದು ಸಂಯುಕ್ತ ತಯಾರಿಸುತ್ತಾ ಹೋದಾಗ ಎಲ್ಲದರಲ್ಲೂ ಒಂದು ತುಣುಕು, ಬೆನ್ಜಾಯಿಲ್, ಒಡೆಯದೆ ಉಳಿಯುವುದು ಅವರಿಗೆ ಕಂಡಿತು. ಅಣುವಿನ ಒಂದು ಗುಂಪು ಇಡಿಯಾಗಿ ಕ್ರಿಯೆಯಿಂದ ಕ್ರಿಯೆಗೆ ಸಾಗುತ್ತದೆ ಎಂಬ ತಿಳಿವಳಿಕೆಗೆ ಗಟ್ಟಿ ಆಧಾರ ಸಿಕ್ಕಿದ್ದು ಈ ಕೆಲಸದಿಂದ.

ಇದುವರೆಗೆ ಕಾರ್ಬೊನಿಲ್ ಇಂಗಾಲವನ್ನೇ ನೋಡಿದೆವು. ಅದರ ಪಕ್ಕದ ಇಂಗಾಲಕ್ಕೂ ಒಂದು ವಿಶೇಷವಿದೆ. ಸಾಮಾನ್ಯ ಹೈಡ್ರೋಕಾರ್ಬನ್ನಿನ ಜಲಜನಕವನ್ನು ಪ್ರೋಟಾನಾಗಿ ಕಿತ್ತುಕೊಳ್ಳುವುದು ಬಹುತೇಕ ಅಸಾಧ್ಯ, ಪಿಕೆಎ 50ರ ಆಸುಪಾಸು (ಈ ಅಂಕಿ ಕಡಿಮೆಯಾದಷ್ಟೂ ಪ್ರೋಟಾನ್ ಸುಲಭವಾಗಿ ಬಿಟ್ಟುಹೋಗುತ್ತದೆ). ಅಸಿಟೋನಿನಲ್ಲಿ ಅದೇ ಮೌಲ್ಯ ಸುಮಾರು 20. ಉಳಿದ ಋಣ ಆವೇಶವನ್ನು ಪಕ್ಕದ ಆಮ್ಲಜನಕ ಹಂಚಿಕೊಳ್ಳುವುದೇ ಇದಕ್ಕೆ ಕಾರಣ. ಹೀಗೆ ಹುಟ್ಟಿದ ಋಣ ಕಣ ಇನ್ನೊಂದು ಅಣುವಿನ ಕಾರ್ಬೊನಿಲ್ ಇಂಗಾಲದ ಮೇಲೆ ಬಂದು ಕುಳಿತರೆ ಆಲ್ಡಾಲ್ ಕ್ರಿಯೆ. ಅಂದರೆ ಒಂದೇ ಪದಾರ್ಥದ ಒಂದು ಅಣು ದಾಳಿಕೋರ, ಇನ್ನೊಂದು ಗುರಿ. 1872ರಲ್ಲಿ ಫ್ರಾನ್ಸಿನ ವುರ್ಟ್ಜ್ ಇದನ್ನು ಪ್ರಕಟಿಸಿದರು. ರಷ್ಯಾದ ಬೊರೊಡಿನ್ ಕೂಡ ಅದೇ ಹೊತ್ತಿಗೆ ಇದೇ ಕ್ರಿಯೆಯ ಮೇಲೆ ಕೆಲಸ ಮಾಡಿದ್ದರು. ಇವರು ಸಂಗೀತ ರಚನಕಾರರಾಗಿ ಜಗತ್ತಿಗೆ ಪರಿಚಿತರಾದ ಅದೇ ಬೊರೊಡಿನ್.

ಪಕ್ಕದಲ್ಲಿ ಅಂತಹ ಜಲಜನಕವೇ ಇಲ್ಲದಿದ್ದರೆ? ಬೆನ್ಜಾಲ್ಡಿಹೈಡ್, ಫಾರ್ಮಾಲ್ಡಿಹೈಡ್ ಹಾಗಿವೆ. ಗಟ್ಟಿ ಕ್ಷಾರದಲ್ಲಿ ಅವುಗಳ ಒಂದು ಅಣು ಇನ್ನೊಂದಕ್ಕೆ ಹೈಡ್ರೈಡನ್ನು, ಅಂದರೆ ಎಲೆಕ್ಟ್ರಾನ್ ಜೋಡಿ ಹೊತ್ತ ಜಲಜನಕವನ್ನು, ಕೊಟ್ಟು ತಾನು ಆಮ್ಲದ ಲವಣವಾಗುತ್ತದೆ, ಪಡೆದದ್ದು ಆಲ್ಕೋಹಾಲಾಗುತ್ತದೆ. 1853ರ ಕ್ಯಾನಿಜಾರೋ ಕ್ರಿಯೆ ಇದು. ಆಲ್ಡಾಲ್ ದಾರಿ ಮುಚ್ಚಿದಾಗ ತೆರೆಯುವ ದಾರಿ ಎಂದು ಹೇಳಿಕೊಟ್ಟರೆ ಬಾಯಿಪಾಠ ಬೇಕಾಗುವುದಿಲ್ಲ.

ಆಲ್ಡಾಲ್ ಮಾದರಿಯ ಕ್ರಿಯೆಯ ಅತ್ಯಂತ ಸುಂದರ ಉದಾಹರಣೆ ನನ್ನ ಮಟ್ಟಿಗೆ ಮಜ್ಜಿಗೆ ಹುಲ್ಲಿನದು. ಹಿತ್ತಲಲ್ಲಿ ಬೆಳೆದು ಕಷಾಯಕ್ಕೆ ಹಾಕುತ್ತೇವಲ್ಲ, ಅದೇ ಹುಲ್ಲು. ಅದರ ಎಣ್ಣೆಯಲ್ಲಿ ಶೇಕಡ 70–80ರಷ್ಟು ಇರುವುದು ಸಿಟ್ರಾಲ್ ಎಂಬ ಆಲ್ಡಿಹೈಡ್. 1893ರಲ್ಲಿ ಟೀಮನ್ ಮತ್ತು ಕ್ರೂಗರ್ ಸಿಟ್ರಾಲನ್ನು ಅಸಿಟೋನಿನೊಂದಿಗೆ ಕ್ಷಾರದಲ್ಲಿ ಕೂಡಿಸಿದರು. ಬಂದದ್ದನ್ನು ಆಮ್ಲದಲ್ಲಿ ಉಂಗುರವಾಗಿಸಿದಾಗ ಅಯೊನೋನ್ ದೊರೆಯಿತು, ನೇರಳೆ ಬಣ್ಣದ ವಯೊಲೆಟ್ ಹೂವಿನ ಪರಿಮಳ. ಸುಗಂಧ ದ್ರವ್ಯದ ಉದ್ಯಮವನ್ನೇ ಅದು ಬದಲಿಸಿತು. ಬೀಟಾ ಅಯೊನೋನಿನ ಉಂಗುರ ವಿಟಮಿನ್ ಎ ಅಣುವಿನಲ್ಲಿರುವ ಉಂಗುರವೇ. ಆದ್ದರಿಂದ 1947ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓಟೋ ಇಸ್ಲರ್ ಮತ್ತು ಸಂಗಡಿಗರು ವಿಟಮಿನ್ ಎ ತಯಾರಿಸಿದ್ದು ಅಲ್ಲಿಂದಲೇ ಹೊರಟು. ಕೇರಳದಿಂದ ಕೊಚ್ಚಿ ಬಂದರಿನ ಮೂಲಕ ಈ ಹುಲ್ಲಿನ ಎಣ್ಣೆ ಪೀಪಾಯಿಗಟ್ಟಲೆ ಹೊರದೇಶಕ್ಕೆ ಹೋಗುತ್ತಿದ್ದುದರ ಹಿಂದೆ ಈ ರಸಾಯನವೂ ಇತ್ತು. ಆಲ್ಡಿಹೈಡಿನಿಂದ ಹೊರಟು, ವಿಟಮಿನ್ ಎ ದಾಟಿ, ಕಣ್ಣಿನ ರೆಟಿನಾಲ್ ಎಂಬ ಆಲ್ಡಿಹೈಡಿಗೇ ಬಂದು ಸೇರುವ ದಾರಿ ಇದು.

ಇನ್ನು ಕಾರ್ಬಾಕ್ಸಿಲಿಕ್ ಆಮ್ಲ. ಅದೇ ಇಂಗಾಲಕ್ಕೆ ಹೈಡ್ರಾಕ್ಸಿಲ್ ಗುಂಪು ಸೇರಿದೆ, ಅಷ್ಟೇ. ಆದರೆ ಅಷ್ಟರಿಂದ ಸ್ವಭಾವವೇ ಬದಲಾಗುತ್ತದೆ. ಹೈಡ್ರಾಕ್ಸಿಲಿನ ಆಮ್ಲಜನಕ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಇಂಗಾಲದತ್ತ ಹರಿಸುವುದರಿಂದ ಇಂಗಾಲದ ಹಸಿವು ತಗ್ಗುತ್ತದೆ. 2,4-ಡೈನೈಟ್ರೋಫಿನೈಲ್ ಹೈಡ್ರಜೀನಿಗೆ ಆಮ್ಲ ಸ್ಪಂದಿಸುವುದಿಲ್ಲ. ಸೋಡಿಯಂ ಬೋರೋಹೈಡ್ರೈಡ್ ಅದನ್ನು ಅಪಕರ್ಷಿಸುವುದಿಲ್ಲ, ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡೇ ಬೇಕು. ಗ್ರಿಗ್ನಾರ್ಡ್ ಕಾರಕ ಬಂದರೆ ಆಮ್ಲ ಮೊದಲು ಪ್ರೋಟಾನನ್ನು ಎಸೆದು ಅದನ್ನು ಕೊಂದೇಬಿಡುತ್ತದೆ.

ಪ್ರೋಟಾನನ್ನು ಅಷ್ಟು ಸುಲಭವಾಗಿ ಬಿಡುವುದೇಕೆ? ಎಥನಾಲಿನ ಪಿಕೆಎ ಸುಮಾರು 16, ಫೀನಾಲಿನದು 10, ಅಸಿಟಿಕ್ ಆಮ್ಲದ್ದು 4.76. ಪ್ರೋಟಾನ್ ಹೋದ ಮೇಲೆ ಋಣ ಆವೇಶ ಎರಡು ಆಮ್ಲಜನಕಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಇದು ಬರೀ ಕಾಗದದ ಮೇಲಿನ ಬಾಣಗಳ ಮಾತಲ್ಲ. ಫಾರ್ಮೇಟ್ ಅಯಾನಿನಲ್ಲಿ ಎರಡೂ ಇಂಗಾಲ–ಆಮ್ಲಜನಕ ಬಂಧಗಳ ಉದ್ದ ಒಂದೇ, ಸುಮಾರು 127 ಪಿಕೋಮೀಟರ್. ಅಡುಗೆ ಸೋಡಾಕ್ಕೆ ವಿನೆಗರ್ ಬಿದ್ದಾಗ ನೊರೆ ಉಕ್ಕುವುದೂ ಫೀನಾಲ್ ಬಿದ್ದಾಗ ಸುಮ್ಮನಿರುವುದೂ ಈ ಅಂಕಿಗಳಿಂದಲೇ. ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆಯ ಹುಳಿ ಫಾರ್ಮಿಕ್ ಆಮ್ಲ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹಾಲನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸುವುದೂ ಇದೇ ಆಮ್ಲ. ಹಾಲಿನಲ್ಲಿ ತೇಲುವ ರಬ್ಬರ್ ಕಣಗಳ ಋಣ ಆವೇಶವನ್ನು ಅದರ ಪ್ರೋಟಾನುಗಳು ಅಳಿಸಿದಾಗ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಆಮ್ಲವೂ ಆಲ್ಕೋಹಾಲೂ ಸೇರಿ ಎಸ್ಟರ್ ಆಗುವಾಗ ಹೊರಬರುವ ನೀರಿನ ಆಮ್ಲಜನಕ ಯಾರದು? ಈ ಪ್ರಶ್ನೆ ನನಗೆ ತುಂಬಾ ಇಷ್ಟ. 1938ರಲ್ಲಿ ರಾಬರ್ಟ್ಸ್ ಮತ್ತು ಯೂರಿ ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18, ಹೆಚ್ಚಿಸಿದ ಮೆಥನಾಲನ್ನು ಬೆನ್ಜೋಯಿಕ್ ಆಮ್ಲದೊಂದಿಗೆ ಕ್ರಿಯೆಗೆ ಒಡ್ಡಿದರು. ಭಾರದ ಆಮ್ಲಜನಕ ಎಸ್ಟರಿನಲ್ಲಿ ಸಿಕ್ಕಿತು, ನೀರಿನಲ್ಲಲ್ಲ. ಹಾಗಾದರೆ ಬಿಟ್ಟುಹೋದದ್ದು ಆಮ್ಲದ ಹೈಡ್ರಾಕ್ಸಿಲ್. ಆಲ್ಕೋಹಾಲ್ ಬಂದು ಆ ಇಂಗಾಲದ ಮೇಲೆ ಕುಳಿತಿದೆ, ಅಲ್ಲಿದ್ದ ಹೈಡ್ರಾಕ್ಸಿಲ್ ನೀರಾಗಿ ಎದ್ದುಹೋಗಿದೆ. ಮತ್ತೆ ಅದೇ ಜಾಗ, ಅದೇ ರೀತಿಯ ದಾಳಿ. ಕ್ರಿಯೆ ಪೂರ್ತಿಯಾಗುವುದಿಲ್ಲ ಎಂಬುದನ್ನು 1862ರಷ್ಟು ಹಿಂದೆಯೇ ಬರ್ತಲೋ ಮತ್ತು ಪೆಯಾನ್ ದ ಸೇಂಟ್ ಜೀಲ್ ಅಳೆದಿದ್ದರು. ಅಸಿಟಿಕ್ ಆಮ್ಲ, ಎಥನಾಲ್ ಸಮ ಮೋಲ್ ತೆಗೆದುಕೊಂಡರೆ ಮೂರರಲ್ಲಿ ಎರಡು ಪಾಲು ಎಸ್ಟರಾಗಿ ನಿಲ್ಲುತ್ತದೆ. ಹೆಚ್ಚು ಬೇಕಾದರೆ ನೀರನ್ನು ತೆಗೆಯಬೇಕು, ಇಲ್ಲವೇ ಆಲ್ಕೋಹಾಲನ್ನು ಹೆಚ್ಚು ಸುರಿಯಬೇಕು.

ಆಲ್ಕೋಹಾಲ್, ಆಲ್ಡಿಹೈಡ್, ಆಮ್ಲ ಎಂಬ ಮೂರು ಮೆಟ್ಟಿಲುಗಳು ನಮ್ಮ ಯಕೃತ್ತಿನಲ್ಲೂ ಇವೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಮೊದಲಿಗೆ ಬರೀ ಅಮಲು ತರಿಸುತ್ತದೆ. ಯಕೃತ್ತಿನ ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಇನ್ನೊಂದು ಕಿಣ್ವ ಬೇಗನೆ ಫಾರ್ಮಿಕ್ ಆಮ್ಲ ಮಾಡುತ್ತದೆ, ಅಲ್ಲಿಗೆ ದಾರಿ ಕಟ್ಟುತ್ತದೆ. ಮನುಷ್ಯನ ದೇಹ ಫಾರ್ಮೇಟನ್ನು ಹೊರಹಾಕುವುದು ಬಹಳ ನಿಧಾನ. ಅದು ಜೀವಕೋಶ ಆಮ್ಲಜನಕವನ್ನು ಬಳಸುವ ಕಿಣ್ವವನ್ನೇ ತಡೆಯುತ್ತದೆ, ರಕ್ತ ಆಮ್ಲೀಯವಾಗುತ್ತದೆ, ದೃಷ್ಟಿನರ ಹಾಳಾಗುತ್ತದೆ. ಕುಡಿದ ಹಲವು ಗಂಟೆಗಳ ನಂತರ ಕಣ್ಣು ಮಂಜಾಗುವುದು ಈ ಮೆಟ್ಟಿಲುಗಳನ್ನು ಇಳಿಯಲು ಹಿಡಿಯುವ ಕಾಲದಿಂದ. ಆಸ್ಪತ್ರೆಯಲ್ಲಿ ಎಥನಾಲ್ ಅಥವಾ ಫೊಮೆಪಿಜೋಲ್ ಎಂಬ ಔಷಧ ಕೊಟ್ಟು ಮೊದಲ ಕಿಣ್ವವನ್ನು ತಡೆಯುತ್ತಾರೆ, ಮೆಥನಾಲ್ ಮೆಥನಾಲಾಗಿಯೇ ಹೊರಹೋಗಲಿ ಎಂದು. ಆ ಸತ್ತವರಲ್ಲಿ ಹೆಚ್ಚಿನವರು ಕೂಲಿ ಮಾಡುವ ಬಡವರು. ಉತ್ಕರ್ಷಣದ ಪಾಠ ಮಾಡುವಾಗ ನಾನು ಅವರ ವಿಷಯ ಹೇಳದೆ ಮುಂದೆ ಹೋಗುವುದಿಲ್ಲ.

ಉಪನ್ಯಾಸದ ಕೊನೆಗೆ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಸಕ್ಕರೆ ಕಾಯಿಲೆ ವಿಪರೀತವಾದಾಗ ರೋಗಿಯ ಉಸಿರಿಗೆ ಕಳಿತ ಹಣ್ಣಿನ ವಾಸನೆ ಬರುವುದೇಕೆ ಎಂದು ಅವರು ಕೇಳಿದರು. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ. ಆಗ ಅಸಿಟೋ ಅಸಿಟಿಕ್ ಆಮ್ಲ ರಾಶಿಬೀಳುತ್ತದೆ. ಇದರಲ್ಲಿ ಆಮ್ಲದ ಗುಂಪೂ ಇದೆ, ಒಂದು ಇಂಗಾಲ ಬಿಟ್ಟು ಆಚೆ ಕೀಟೋನಿನ ಕಾರ್ಬೊನಿಲೂ ಇದೆ. ಸೋಡಿಯಂ ಅಸಿಟೇಟಿನಿಂದ ಇಂಗಾಲದ ಡೈಆಕ್ಸೈಡನ್ನು ಬಿಡಿಸಲು ನಾವು ಸೋಡಾಲೈಮ್ ಸೇರಿಸಿ ಬಲವಾಗಿ ಕಾಯಿಸುತ್ತೇವೆ. ಇಲ್ಲಿ ದೇಹದ ಬಿಸಿಯೇ ಸಾಕು. ಆಮ್ಲದ ಜಲಜನಕ ಆರು ಪರಮಾಣುಗಳ ಬಳಸು ಹಾದಿಯಲ್ಲಿ ಕೀಟೋನಿನ ಆಮ್ಲಜನಕಕ್ಕೆ ದಾಟುತ್ತದೆ, ಇಂಗಾಲದ ಡೈಆಕ್ಸೈಡ್ ಕಳಚಿಕೊಳ್ಳುತ್ತದೆ, ಉಳಿಯುವುದು ಅಸಿಟೋನ್. ಅದು ಬೇಗ ಆವಿಯಾಗುವುದರಿಂದ ಉಸಿರಿನಲ್ಲಿ ಹೊರಬರುತ್ತದೆ. ರಕ್ತದಲ್ಲಿ ಉಳಿದ ಆಮ್ಲಗಳು ಅದರ ಪಿಎಚ್ ಇಳಿಸುತ್ತಿರುತ್ತವೆ, ಅಪಾಯ ಇರುವುದು ಅಲ್ಲಿ. ಮನೆಯಲ್ಲಿ ಯಾರಿಗಾದರೂ ಅಂತಹ ವಾಸನೆಯ ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಅವರಿಗೆ ಹೇಳಿದೆ.